ಕಿವಿಯಲ್ಲಿ ಹೇಳದ ಹೆಸರು

ಪಿಲಾರ್, ನಿನ್ನ ಮಗಳ ಕಿವಿಯಲ್ಲಿ ನಾನು ಡೊಲೋರೆಸ್ ಎಂದು ಹೇಳಲೇ ಇಲ್ಲ. ಮೂರು ಸಲವೂ ಹೇಳಿದ್ದು ಬೇರೆ ಹೆಸರು — ಆನಂದಿ. ಏಳು ವರ್ಷ ಇದನ್ನು ಮುಚ್ಚಿಟ್ಟುಕೊಂಡೇ ನಿನ್ನ ಮನೆಯಲ್ಲಿ ಉಂಡಿದ್ದೇನೆ.

ತೊಟ್ಟಿಲ ಮಗುವಿನ ಕಿವಿಗೆ ಹೆಸರನ್ನು ಮೊದಲು ಹೇಳುವವಳು ಸೋದರತ್ತೆ. ನನ್ನ ತಮ್ಮ ನಮ್ಮ ಈ ಪದ್ಧತಿಯನ್ನು ವಿವರಿಸಿದಾಗ ನೀನು ಎಷ್ಟು ಹಿಗ್ಗಿದ್ದೆ! ಡೊಲೋರೆಸ್ ನಿನ್ನನ್ನು ಸಾಕಿದ ಅಜ್ಜಿಯ ಹೆಸರು. ಮಗುವನ್ನು ಎತ್ತಿಕೊಂಡೇ ಟೋಟೆಮ್ ಲೇಕ್‌ನ ನನ್ನ ಅಪಾರ್ಟ್‌ಮೆಂಟಿಗೆ ಬಂದು, ಅದನ್ನು ಹೇಗೆ ಉಚ್ಚರಿಸಬೇಕೆಂದು ಕಲಿಸಿದೆ. ನಾನು ಅರ್ಥ ಕೇಳಿದೆ. 'ನೋವುಗಳು' ಎಂದೆ ನೀನು, ಸಹಜವಾಗಿ. ಮೇರಿ ಮಾತೆಯ ಸಂಕಟಗಳ ನೆನಪಿಗೆ ಇಡುವ ಹೆಸರಂತೆ. ನಿನ್ನ ಹೆಸರೂ ಆಕೆಯದೇ ಅಂತೆ — ಪಿಲಾರ್ ಎಂದರೆ ಕಂಬ, ಆಕೆ ಕಾಣಿಸಿಕೊಂಡದ್ದು ಒಂದು ಕಂಬದ ಮೇಲೆ. ನಾನು ತಲೆಯಾಡಿಸಿದೆ. ಒಳಗೊಳಗೇ ಮಾತ್ರ — ಎಳೆಗೂಸಿಗೆ ನೋವು ಅಂತ ಹೆಸರೇ?

ಎಂಥ ಅಹಂಕಾರ ನನ್ನದು! ನನ್ನ ಸ್ವಂತ ಅಜ್ಜಿ ಸಾಕಮ್ಮ. ಇನ್ನು ಹೆಣ್ಣು ಸಾಕು ಎಂದು ಇಟ್ಟ ಹೆಸರು. ಅದನ್ನು ಪ್ರೀತಿಯಿಂದಲೇ ಕೂಗುತ್ತಿದ್ದೆವು, ಯಾರೂ ಅರ್ಥ ಕೆದಕಲಿಲ್ಲ.

ನಾಮಕರಣದ ದಿನ ತೊಟ್ಟಿಲ ಮೇಲೆ ಬಗ್ಗಿದಾಗ ನನ್ನ ನಾಲಗೆ ತಡವರಿಸಲಿಲ್ಲ, ಪಿಲಾರ್. ಬೇಕೆಂದೇ ಮಾಡಿದೆ.

"ಅಕ್ಕ, ಸರಿಯಾಗಿ ಹೇಳ್ದೆ ತಾನೆ?" ಎಂದ ತಮ್ಮ.

"ಹೇಳ್ದೆ ಕಣೋ."

ಮೆಕ್ಸಿಕೊದಿಂದ ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ ನಿನ್ನ ಅಜ್ಜಿ ಅತ್ತುಬಿಟ್ಟರು. ತನ್ನ ಹೆಸರನ್ನು ಮಗುವಿಗೆ ಕೊಟ್ಟ ನನಗೆ ದೇವರು ಒಳ್ಳೆಯದು ಮಾಡಲಿ ಎಂದರಂತೆ. ನೀನೇ ಇಂಗ್ಲಿಷಿನಲ್ಲಿ ಹೇಳಿದೆ. ಆಗಲಾದರೂ — ಇಲ್ಲ. ನಗುತ್ತಾ ಕೈಮುಗಿದೆ. ಮರುವರ್ಷ ಅವರು ತೀರಿಕೊಂಡರು.

ಹೋದ ವಾರ ಮಗು ಶಾಲೆಗೆಂದು ತನ್ನ ಹೆಸರಿನ ಕಥೆ ಬರೆದು ನನಗೆ ಓದಿ ತೋರಿಸಿದಳು. ಅರ್ಥ ನೋವು ಎಂದು ಅವಳಿಗೆ ಗೊತ್ತು; ಬೇಸರವೇನೂ ಇಲ್ಲ, ಮುತ್ತಜ್ಜಿಯ ಹೆಸರೆಂಬ ಹೆಮ್ಮೆ. ಕೊನೆಯ ಸಾಲು ಹೀಗಿತ್ತು: 'ಈ ಹೆಸರನ್ನು ನನಗೆ ಎಲ್ಲರಿಗಿಂತ ಮೊದಲು ಹೇಳಿದ್ದು ನನ್ನ ಅತ್ತೆ.' ಓದಿ ನನ್ನ ಮುಖ ನೋಡಿದಳು. ಚೆನ್ನಾಗಿದೆ ಪುಟ್ಟಿ, ಎಂದೆ. ಆ ಮಗುವಿನ ಕೈಯಲ್ಲೂ ಸುಳ್ಳು ಬರೆಸಿದೆ. ನಾಚಿಕೆಯಿಂದ ಸತ್ತುಹೋದೆ.

ನೀನು ಓದಲಾರೆ ಎಂದು ಗೊತ್ತಿದ್ದೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದೂ ಹೇಡಿತನವೇ. ಭಾನುವಾರ ಬಾತೆಲ್‌ನ ನಿಮ್ಮ ಮನೆಗೆ ಬಂದು ಎಲ್ಲವನ್ನೂ ನಿನ್ನೆದುರೇ ಹೇಳುತ್ತೇನೆ, ನಿನಗೆ ತಿಳಿಯುವ ಭಾಷೆಯಲ್ಲೇ. ಹೊರಡು ಎಂದರೆ ಹೊರಡುತ್ತೇನೆ. ನಿನ್ನ ಅಜ್ಜಿಯ ಕ್ಷಮೆ ಕೇಳುವುದಕ್ಕೆ ಮಾತ್ರ ದಾರಿಯಿಲ್ಲ.