ಜೇಬು ಖಾಲಿ ಮಾಡಿಸುವ ತೂಕದಕ್ಕ

ಬೆಳಗಿನ ಆರು ಗಂಟೆ. ಕ್ಯಾನ್ಸರ್ ಆಸ್ಪತ್ರೆಯ ಕಾರಿಡಾರಿನಲ್ಲಿ ರೋಗಿಗಳ ತೂಕ ನೋಡುವ ತೂಕದಕ್ಕ ಹತ್ತು ಕಿಲೋದ ಕಬ್ಬಿಣದ ತೂಕದ ಬಟ್ಟನ್ನು ತೂಗುವ ಯಂತ್ರದ ಮೇಲಿಟ್ಟು, ಅಂಕಿ ಸರಿಯಾಗಿ ನಿಲ್ಲುವವರೆಗೆ ಕಾಯುತ್ತಿದ್ದಾರೆ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಆದರೂ ಇಂದು ಬಟ್ಟನ್ನು ತೆಗೆದು ಮತ್ತೊಮ್ಮೆ ಇಟ್ಟು ನೋಡುತ್ತಾರೆ. ಶ್ವಾಸಕೋಶದ ಗಡ್ಡೆಗೆ ಮದ್ದು ತೆಗೆದುಕೊಳ್ಳುತ್ತಿರುವ ಬಸ್ ಡ್ರೈವರಣ್ಣ ಬರುವ ದಿನವಿದು.

ದಿನಕ್ಕೆ ನಲವತ್ತು ಜನರನ್ನು ತೂಗಿ ಬರೆಯುವುದರಲ್ಲಿ ಏನು ಮಹಾ ಇದೆ ಅನ್ನಿಸಬಹುದು. ಆದರೆ ಶ್ವಾಸಕೋಶದ ಗಡ್ಡೆಯನ್ನು ಕತ್ತರಿಸುವ ಮೊದಲು ಇಲ್ಲಿ ಎರಡು ಮದ್ದು ಒಟ್ಟಿಗೆ ಕೊಡುತ್ತಾರೆ. ಕೀಮೋ ಗಡ್ಡೆಯನ್ನು ಕುಗ್ಗಿಸಬೇಕು, ಇನ್ನೊಂದು ಮದ್ದು ಮೈಯ ಸ್ವಂತ ಶಕ್ತಿಯನ್ನೇ ಅದರ ಮೇಲೆ ಎಬ್ಬಿಸಬೇಕು. ಮೈ ಇದನ್ನೆಲ್ಲ ತಡೆದುಕೊಳ್ಳುತ್ತಿದೆಯೇ ಎಂದು ವೈದ್ಯರು ಮೊದಲು ನೋಡುವುದು ಅಕ್ಕ ಬರೆದ ಅಂಕಿಯನ್ನೇ.

ಒಮ್ಮೆ ಅಕ್ಕ ಎಡವಿದ್ದಾರೆ. "ಒಬ್ರು ದಪ್ಪ ಕೋಟಲ್ಲೇ ನಿಂತ್ರು. ಪಾಪ, ಚಳಿ ಅಂತ ಸುಮ್ಮನಾದೆ. ಜೇಬಲ್ಲಿ ಏನೇನು ತುಂಬಿದ್ರೋ! ತೂಕ ಜಾಸ್ತಿ ತೋರಿಸ್ತು, ಊಟ ಸೇರ್ತಿಲ್ಲ ಅಂತ ಯಾರಿಗೂ ಗೊತ್ತಾಗ್ಲಿಲ್ಲ. ವಾರದಲ್ಲಿ ಮನೇಲಿ ಕುಸಿದು ಬಿದ್ರು. ಆಪರೇಷನ್ ಎರಡು ತಿಂಗಳು ಮುಂದಕ್ಕೆ ಹೋಯ್ತು." ಆವತ್ತಿನಿಂದ ಯಂತ್ರದ ಪಕ್ಕ ಒಂದು ಸ್ಟೀಲ್ ತಟ್ಟೆ ಇದೆ.

ತೂಕ ಇಳಿದರೆ ಆಪರೇಷನ್ ಮಾಡುವುದಿಲ್ಲ ಎಂಬ ಹೆದರಿಕೆ ಎಲ್ಲರಿಗೂ. ಕಳೆದ ತಿಂಗಳು ಮೂರನೇ ಸುತ್ತಿನ ಮದ್ದಿಗೆ ಬಂದ ಡ್ರೈವರಣ್ಣನೂ ಅದೇ ಹೆದರಿಕೆಯಲ್ಲಿ ಯಂತ್ರ ಹತ್ತಿದ್ದರು. ಜೊತೆಗೆ ಬಂದ ಹೆಂಡತಿ ಅಕ್ಕನ ಕಣ್ಣು ತಪ್ಪಿಸಿ ಗೋಡೆ ನೋಡುತ್ತಿದ್ದರು.

"ಜೇಬಲ್ಲಿ ಇರೋದೆಲ್ಲ ತಟ್ಟೆಗೆ ಹಾಕಿ, ಅಣ್ಣ."

"ಏನಿಲ್ಲಕ್ಕ, ಬೀಗದ ಕೈ."

"ಬೀಗದ ಕೈಗೆ ಪ್ಯಾಂಟು ಇಷ್ಟು ಜಗ್ಗುತ್ತಾ? ಬೆಲ್ಟಿಗೆ ಹೊಸ ತೂತು ಬೇರೆ ಕೊರ್ದಿದೀರಿ."

ಎರಡು ಸ್ಪ್ಯಾನರ್, ಹಿಡಿ ತುಂಬ ಬೋಲ್ಟು ತಟ್ಟೆಗೆ ಬಿದ್ದವು. ಅಂಕಿ ಐವತ್ನಾಲ್ಕಕ್ಕೆ ಇಳಿಯಿತು. ಮೊದಲ ಸುತ್ತಿಗಿಂತ ಏಳು ಕಿಲೋ ಕಡಿಮೆ. "ಬರೀಬೇಡಿ ಅಕ್ಕ, ದಮ್ಮಯ್ಯ," ಅಂದರು ಡ್ರೈವರಣ್ಣ. ಅಕ್ಕ ಬರೆದರು. ವೈದ್ಯರು ಮದ್ದಿನ ಅಳತೆ ಬದಲಿಸಿದರು, ಊಟದ ಪಟ್ಟಿ ಕೊಟ್ಟರು. ಇನ್ನೂ ಇಳಿದರೆ ಆಪರೇಷನ್ ದಿನ ಗೊತ್ತು ಮಾಡುವುದಿಲ್ಲ ಎಂದೂ ಹೇಳಿದರು.

ಇಂದು ಏಳು ಗಂಟೆಗೆ ಡ್ರೈವರಣ್ಣ ಬರುತ್ತಾರೆ. ಯಾರೂ ಹೇಳದೆಯೇ ಜೇಬು ಹೊರಕ್ಕೆಳೆದು ತೋರಿಸುತ್ತಾರೆ, ಬೆಲ್ಟು ಬಿಚ್ಚಿ ತಟ್ಟೆಗಿಡುತ್ತಾರೆ, ಪ್ಯಾಂಟು ಜಾರದಂತೆ ಕೈಯಲ್ಲಿ ಹಿಡಿದು ಯಂತ್ರ ಹತ್ತುತ್ತಾರೆ. ಅಂಕಿ ಹೊಯ್ದಾಡಿ ನಿಲ್ಲುತ್ತದೆ: ಐವತ್ನಾಲ್ಕು ಕಿಲೋ ಎಂಟುನೂರು ಗ್ರಾಂ.

"ಇಷ್ಟು ಸಾಕಾ, ಅಕ್ಕ?"

ಅಕ್ಕ ಅಂಕಿಯನ್ನು ಎರಡು ಸಲ ಓದಿ ಬರೆಯುತ್ತಾರೆ.

"ಸಾಕೋ ಇಲ್ವೋ ಡಾಕ್ಟ್ರು ಹೇಳ್ತಾರೆ. ಆದ್ರೆ ಇಷ್ಟೂ ನಿಮ್ದೇ, ಅಣ್ಣ."