ಅಂಜನಾ ಕಳಿಸದ ಪ್ರಕಟಣೆ

ಅಂಜನಾಳ ದನಿ ಕೊಳ್ಳೇಗಾಲದವರಿಗೆ ಹೊಸದಲ್ಲ. ರೇಷ್ಮೆ ನೇಯುವವರ ಮನೆಯ ಹೆಣ್ಣುಮಗಳು, ಆರು ವರ್ಷ ಊರಿನ ಕೇಬಲ್ ಚಾನೆಲ್ಲಿನಲ್ಲಿ ಸಂಜೆಯ ಸುದ್ದಿ ಓದಿದವಳು. ಚಾನೆಲ್ಲು ಮುಚ್ಚಿದ ಮೇಲೆ, ಅಜ್ಜೀಪುರದ ಆಚೆಯ ಗುಡ್ಡದಲ್ಲಿ ಕರಿಕಲ್ಲು ತೆಗೆಯುವ ಕಂಪನಿಯೊಂದು ಅವಳನ್ನು ಸಾರ್ವಜನಿಕ ಸಂಪರ್ಕಾಧಿಕಾರಿಯಾಗಿ ಸೇರಿಸಿಕೊಂಡಿತು. ಗುಡ್ಡದ ಕೆಳಗಿನ ಪಾಳ್ಯದವರ ನಾಲಿಗೆಗೆ ಆ ಉದ್ದದ ಹೆಸರು ಹೊರಳಲಿಲ್ಲ. ‘ಪೀಯಾರೋ ಅವ್ವ’ ಅಂದರು, ಅದೇ ನಿಂತಿತು.

ಪತ್ರಿಕೆಗೆ ಪ್ರಕಟಣೆ ಬರೆಯುವುದು, ಸಾಹೇಬರು ಬಂದಾಗ ಫೋಟೊ ತೆಗೆಸುವುದು, ಇಷ್ಟೇ ಅವಳ ಕೆಲಸವೆಂದು ಕಂಪನಿಯಲ್ಲೇ ಹಲವರು ತಿಳಿದಿದ್ದರು. ಆದರೆ ಬಂಡೆ ಸಿಡಿಸುವ ದಿನ ಆಟೋಗೆ ಮೈಕು ಕಟ್ಟಿಸಿಕೊಂಡು ಬೀದಿಬೀದಿ ತಿರುಗಿ ಹೊತ್ತು ಹೇಳುತ್ತಿದ್ದವಳು ಅವಳೇ. ಹೇಳಿದ ಹೊತ್ತಿಗಿಂತ ಐದು ನಿಮಿಷ ಮೊದಲು ಸಿಡಿಸಿದರೂ ಮ್ಯಾನೇಜರ್ ಬಸವಕುಮಾರನ ಜತೆ ಜಗಳಕ್ಕೆ ನಿಲ್ಲುತ್ತಿದ್ದಳು. ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರ ಗೋಡೆ ಬಿರಿದಿದೆ, ಎಲ್ಲ ಬಾಯಿಪಾಠ. ಕಂಪನಿಯ ಮಾತು ಊರಿಗೆ ಮುಟ್ಟಿದಷ್ಟೇ ನೆಟ್ಟಗೆ ಊರಿನ ಮಾತೂ ಕಂಪನಿಗೆ ಮುಟ್ಟಬೇಕು ಅನ್ನುತ್ತಿದ್ದಳು. ಅದಕ್ಕೇ ಅವಳು ಹೇಳಿದ್ದನ್ನು ಜನ ನಂಬುತ್ತಿದ್ದರು.

ಹೋದ ವರ್ಷ ಹಿಂಗಾರು ಮಳೆ ಬಿಡದೆ ಹಿಡಿಯಿತು. ಗುಡ್ಡದ ಮೇಲೆ ಕಲ್ಲು ತೆಗೆದು ಬಿಟ್ಟ ಹಳೆಯ ಗುಂಡಿ ತುಂಬಿ ಕೆರೆಯಾಯಿತು. ಅದನ್ನು ತಡೆದಿದ್ದದ್ದು ಕಲ್ಲುಪುಡಿ ಸುರಿದು ಎಬ್ಬಿಸಿದ ಒಂದು ಒಡ್ಡು ಮಾತ್ರ. ಕೆಳಬೀದಿಯ ಶಿವನಂಜಮ್ಮ ಒಂದು ಬೆಳಿಗ್ಗೆ ಚೊಂಬಿನ ನೀರು ತೋರಿಸಿದಳು.

“ನೋಡವ್ವಾ, ಬಾವಿ ನೀರು ಸುಣ್ಣ ಕದಡಿದಂಗದೆ. ದನ ಮೂತಿನೇ ಇಕ್ಕಲ್ಲ.”

ಅಂಜನಾ ಗುಡ್ಡ ಹತ್ತಿದಳು. ಕಾವಲುಗಾರ ಮುತ್ತಯ್ಯ ಅವಳನ್ನು ಒಡ್ಡಿನ ಹಿಂಬದಿಗೆ ಕರೆದೊಯ್ದ. ಅಲ್ಲಿ ಅಡ್ಡಡ್ಡ ಬಿರುಕು, ಕೆಳಗೊಂದು ಕಡ್ಡಿ ಬಿದ್ದಿತ್ತು.

“ನೆನ್ನೆ ಬಿರುಕಿಗೆ ಬಿಗಿಯಾಗಿ ಸಿಕ್ಸಿದ್ದೆ ಕಣವ್ವಾ. ಇವತ್ತು ಬಿರುಕು ಅಗಲಾಗಿ ತಾನಾಗೇ ಬಿದ್ದದೆ.”

ಅಷ್ಟು ಮಳೆಯಲ್ಲೂ ಆ ಜಾಗದಲ್ಲಿ ಒಂದು ಕಪ್ಪೆಯೂ ಕೂಗುತ್ತಿರಲಿಲ್ಲ. ಬಿರುಕಿನ ಮೇಲೆ ಅಂಗೈ ಇಟ್ಟಳು. ಒಳಗಿನಿಂದ ತಣ್ಣನೆ ಉಸಿರು ಬಂದಂತಾಯಿತು.

ಕೆಳಗಿಳಿದರೆ ಬಸವಕುಮಾರ ಮೇಜಿನ ಮೇಲೆ ಹಾಳೆ ಇಟ್ಟುಕೊಂಡು ಕಾಯುತ್ತಿದ್ದ. ಒಡ್ಡು ಭದ್ರವಾಗಿದೆ, ಸಾರ್ವಜನಿಕರು ವದಂತಿಗೆ ಕಿವಿಗೊಡಬಾರದು, ಎಂದಿತ್ತು.

“ಇದನ್ನ ಪೇಪರಿಗೆ ಕಳಿಸಿ, ಮೈಕಲ್ಲೂ ಹೇಳ್ಬಿಡಿ. ನಾಳೆ ಐದು ಗಂಟೆಗೆ ಬ್ಲಾಸ್ಟಿಂಗ್ ಇದೆ.”

“ಸಾ, ನೀವು ಹೋಗಿ ನೋಡಿದ್ರಾ?”

“ನೋಡೋಕೆ ಎಂಜಿನಿಯರ್ ಇದ್ದಾರೆ. ನಿಮ್ಮ ಕೆಲಸ ಹೇಳೋದು.”

“ನಾನು ಹೇಳಿದ್ರೆ ಜನ ನಂಬ್ತಾರೆ ಸಾ. ಭಯ ಆಗ್ತಿರೋದೇ ಅದಕ್ಕೆ.”

ಅವಳು ಆ ಹಾಳೆಯನ್ನು ಕಳಿಸಲಿಲ್ಲ. ಕಂದಾಯದವರಿಗೂ ಪೊಲೀಸರಿಗೂ ಫೋನು ಮಾಡಿ ಬಿರುಕಿನ ಫೋಟೊ ಕಳಿಸಿದಳು. ಆಮೇಲೆ ಆಟೋ ಹತ್ತಿ, ಎಂದಿನ ನಿಧಾನದ ದನಿಯಲ್ಲೇ, ಕೆಳಬೀದಿಯ ಹನ್ನೊಂದು ಮನೆಯವರು ದನಕರುಗಳನ್ನು ಹಿಡಿದುಕೊಂಡು ಶಾಲೆಗೆ ಹೋಗಬೇಕು ಎಂದು ಸಾರಿದಳು. ಜನ ಹೊರಟರು. ಕಂದಾಯದವರು ಮಾರನೆಯ ದಿನದ ಬ್ಲಾಸ್ಟಿಂಗ್ ನಿಲ್ಲಿಸಿದರು. ಸಂಜೆಯೊಳಗೆ ಅವಳ ನೌಕರಿಯೂ ಹೋಯಿತು.

ಮಾರನೆಯ ದಿನ ಏನೂ ಆಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬಿಸಿಲು ಬಂತು, ಜನ ಗೊಣಗತೊಡಗಿದರು, ಆರು ಮನೆಯವರು ವಾಪಸಾದರು. ಸುದ್ದಿ ಕೇಳಿದ ಅಂಜನಾ ಬಸ್ಸು ಹಿಡಿದು ಬಂದಳು. ಈಗ ಮೈಕಿಲ್ಲ, ಆಟೋ ಇಲ್ಲ. ಒಂದೊಂದೇ ಬಾಗಿಲು ತಟ್ಟಿದಳು. ಐದು ಮನೆಯವರು ಮತ್ತೆ ಎದ್ದರು. ಒಂಟಿಯಾಗಿದ್ದ ಗುರುಸಿದ್ದಯ್ಯ ಮಾತ್ರ ಜಗುಲಿ ಬಿಟ್ಟು ಕದಲಲಿಲ್ಲ.

“ನಿನ್ ಕೆಲಸಾನೇ ಓಯ್ತಲ್ಲವ್ವಾ, ಇನ್ಯಾಕೆ ಸಾರ್ಕೊಂಡು ತಿರುಗ್ತೀಯೆ? ಓಗು, ನೆಮ್ಮದಿಯಾಗಿ ಮನಿಕೋ.”

ಅವಳು ಕತ್ತಲಾಗುವವರೆಗೂ ಅವನ ಮುಂದೆ ಕೂತಿದ್ದು, ಸೋತು, ಶಾಲೆಯಲ್ಲೇ ಉಳಿದಳು. ನಸುಕಿನಲ್ಲಿ ಗುಡ್ಡದ ಕಡೆಯಿಂದ ಲಾರಿ ಕಲ್ಲು ಸುರಿದಂಥ ಸದ್ದು ಬಂತು, ನಿಲ್ಲಲೇ ಇಲ್ಲ. ಬೆಳಕು ಹರಿದಾಗ ಕೆಳಬೀದಿ ಇದ್ದ ಜಾಗದಲ್ಲಿ ಬೂದಿ ಬಣ್ಣದ ಕೆಸರು ಸೊಂಟದೆತ್ತರ ನಿಂತಿತ್ತು. ಗುರುಸಿದ್ದಯ್ಯನ ಹೆಣ ಮೂರನೆಯ ದಿನ ಸಿಕ್ಕಿತು.

ಒಡ್ಡು ಒಡೆದದ್ದರ ವಿಚಾರಣೆಯಲ್ಲಿ ಕಂಪನಿಯ ವಕೀಲರು ಅಂಜನಾಳನ್ನು ಕೇಳಿದರು: “ಕಂಪನಿ ಪರವಾಗಿ ಮಾತಾಡೋಕೆ ಸಂಬಳ ತಗೊಂಡೋರಲ್ವಾ ನೀವು?”

“ಕಂಪನಿ ಪರವಾಗೇ ಮಾತಾಡಿದೆ ಸಾ. ನಲವತ್ತು ಜನ ಸತ್ತಿದ್ರೆ ನಿಮ್ಮ ಕಂಪನಿ ಯಾವ ಪ್ರಕಟಣೆ ಕೊಡ್ತಿತ್ತು?”

ಹಿಂದೆ ಕೂತಿದ್ದ ಶಿವನಂಜಮ್ಮ, ಯಾರೂ ಕೇಳದಿದ್ದರೂ ಎದ್ದು ನಿಂತು, “ಆಯಮ್ಮ ಏಳಿದ್ದಕ್ಕೆ ನಾವು ಇವತ್ತು ಇಲ್ಲಿ ಕುಂತೀವಿ ಕಣ್ರಿ,” ಅಂದಳು.

ಅಂಜನಾ ಈಗ ಯಳಂದೂರಿನ ಒಂದು ಆಸ್ಪತ್ರೆಯಲ್ಲಿ ಅದೇ ಸಂಪರ್ಕದ ಕೆಲಸದಲ್ಲಿದ್ದಾಳೆ. ಪಾಳ್ಯದವರು ಮಾತ್ರ ಅವಳ ನಂಬರು ಬಿಟ್ಟಿಲ್ಲ. ಗುಂಡಿಯನ್ನು ಇನ್ನೂ ಯಾರೂ ಮುಚ್ಚಿಲ್ಲ. ಮೋಡ ಕಟ್ಟಿದ ದಿನ ಅವಳ ಫೋನು ಹೊಡೆದುಕೊಳ್ಳುತ್ತದೆ.

“ಅವ್ವಾ, ಗುಡ್ಡದ ಕಡೆ ಏನೋ ಸದ್ದಾಯ್ತದೆ. ಏನ್ ಮಾಡವಾ?”

ಅವಳು ಕೇಳುವುದು ಒಂದೇ: “ಈಗ ಎಲ್ಲೆಲ್ಲಿ ಇದ್ದೀರಿ, ಒಬ್ಬೊಬ್ಬರದೇ ಹೆಸರು ಹೇಳಿ.”