ಅಕ್ಕ ಆರಿಸಿದ ಕಟಾವು ಯಂತ್ರ

ಹೋದ ವಾರ ಬ್ಯಾಟರಾಯನಪುರದ ಗ್ಯಾರೇಜಿನ ಮುಂದೆ ಸ್ಕೂಟರ್ ರಿಪೇರಿಗೆ ಕಾಯುತ್ತಿದ್ದೆ. ಒಳಗಿನಿಂದ ಸುಟ್ಟ ಬೆಲ್ಟಿನ ವಾಸನೆ ಬಂತು. ಮೈ ಉರಿದುಹೋಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಹೋಗಿಲ್ಲ...

ಹುಣಸಮಾರನಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಮೈದುನನ ಜೊತೆ ಬೇಸಾಯ ನಡೆಸುತ್ತಿದ್ದಳು. ಸುತ್ತಲಿನ ಹೊಲಗಳು ಒಂದೊಂದಾಗಿ ಲೇಔಟ್ ಆಗುತ್ತಿದ್ದವು. ಉಳಿದವರಿಗೆ ರಾಗಿ ಕುಯ್ಯಲು ಆಳು ಸಿಗುತ್ತಿರಲಿಲ್ಲ. ಹಳೆಯ ಕಟಾವು ಯಂತ್ರವೊಂದನ್ನು ಕೊಂಡು ಊರಿನವರ ಹೊಲವನ್ನೂ ಕುಯ್ಯೋಣವೆಂದು ಅಕ್ಕ ತೀರ್ಮಾನಿಸಿದಳು. ಹಣ ಅವಳದು. ಕಾಗದ ಮಾತ್ರ ಮೈದುನನ ಹೆಸರಿಗೆ.

ಯಶವಂತಪುರದ ಆಚೆ ಹಳೆಯ ಯಂತ್ರಗಳನ್ನು ಮಾರುವ ಯಾರ್ಡಿಗೆ ಅವರ ಜೊತೆ ನಾನೂ ಹೋಗಿದ್ದೆ. ಮಾರುವವನು ಅಕ್ಕನತ್ತ ತಿರುಗಿಯೂ ನೋಡದೆ, ಒಳಗೆಲ್ಲ ಕಂಪ್ಯೂಟರ್ ಇದ್ದ ಹೊಳೆಯುವ ಯಂತ್ರವೊಂದನ್ನು ಮೈದುನನಿಗೆ ತೋರಿಸುತ್ತಿದ್ದ. ಅಕ್ಕ ಮೂಲೆಯಲ್ಲಿದ್ದ ಬಣ್ಣ ಮಾಸಿದ ಯಂತ್ರದ ಹತ್ತಿರ ಹೋದಳು. ಪಕ್ಕದ ಮುಚ್ಚಳ ತೆಗೆಸಿ, ಬೆಲ್ಟುಗಳಿಗೆ ಕೈ ಸಲೀಸಾಗಿ ಹೋಗುತ್ತದೆಯೇ, ಗ್ರೀಸ್ ಹೊಡೆಯುವ ಜಾಗಗಳು ಕಾಣುತ್ತವೆಯೇ ಎಂದು ನೋಡಿದಳು. ಮಾರುವವನು ಮೊದಲೇ ಓಡಿಸಿ ಬಿಸಿ ಮಾಡಿಟ್ಟಿಲ್ಲವೆಂದು ಇಂಜಿನ್ ಮುಟ್ಟಿ ನೋಡಿಯೇ ಸ್ಟಾರ್ಟ್ ಮಾಡಿಸಿದಳು. ಬಿಡಿಭಾಗಗಳು ಯಲಹಂಕದಲ್ಲೇ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಿದ್ದಳಂತೆ.

"ಕೆಟ್ರೆ ಒಲದಲ್ಲೇ ರಿಪೇರಿ ಆಗ್ಬೇಕು. ಇದೇ ಸಾಕು," ಎಂದಳು.

ಎರಡು ಸುಗ್ಗಿ ಅದು ದುಡಿಯಿತು. ಹೊಟ್ಟು ಕೊಡವಿ, ಬೆಲ್ಟು ಬಿಗಿ ಮಾಡಿಯೇ ಅಕ್ಕ ಅದನ್ನು ಹೊಲಕ್ಕೆ ಕಳಿಸುತ್ತಿದ್ದಳು. ಮೂರನೆಯ ವರ್ಷ ಮಗಳ ಬಾಣಂತನಕ್ಕೆಂದು ಚಿಕ್ಕಬಾಣಾವರಕ್ಕೆ ಹೋದಳು. ಮರಳಿ ಬಂದಾಗ ಮನೆ ಮುಂದೆ ಯಾರ್ಡಿನಲ್ಲಿ ಕಂಡಂಥದೇ ಹೊಳೆಯುವ ಯಂತ್ರ ನಿಂತಿತ್ತು. ಹಳೆಯದನ್ನು ಓಡಿಸಲು ನಾಚಿಕೆಯಾಗುತ್ತದೆಂದು ಮೈದುನ ಅದನ್ನು ಕೊಟ್ಟು ಇದನ್ನು ತಂದಿದ್ದ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಆ ಸುಗ್ಗಿಯಲ್ಲಿ ನಮ್ಮ ಹೊಲದ ನಡುವೆಯೇ ಅದರೊಳಗಿನ ಬೆಲ್ಟು ಸುಟ್ಟು ಹೊಗೆ ಎದ್ದಿತು. ಅಲ್ಲಿಗೆ ಕೈ ಹಾಕಲು ಅರ್ಧ ಯಂತ್ರವನ್ನೇ ಬಿಚ್ಚಬೇಕಿತ್ತು. ಅದರ ಕೆಲಸ ಗೊತ್ತಿದ್ದ ಮೆಕ್ಯಾನಿಕ್ ಬರುವಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ರಾಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಊರಿನವರು ಬೈಯತೊಡಗಿದಾಗ, ಅತ್ತಿಗೆ ಹೇಳಿದ್ದಕ್ಕೇ ಯಂತ್ರ ಬದಲಾಯಿಸಿದೆ ಎಂದುಬಿಟ್ಟ ಆ ಮನುಷ್ಯ.

ಅಕ್ಕ ಎಲ್ಲರ ಮುಂದೆ ನಿಂತಳು. "ನಾನ್ ಆರಿಸಿದ್ದನ್ನ ನೀನ್ ಮಾರ್ದೆ. ಇದು ನೀನ್ ಆರಿಸಿದ್ದು. ಊರೋರ್ ಮುಂದೆ ಇಂಗೆ ಸುಳ್ಳೇಳ್ಬೇಡ."

ಗಂಡಸಿನ ಎದುರು ಮಾತಾಡಬೇಡವೆಂದು ಹಿರಿಯರು ಅವಳನ್ನೇ ಗದರಿಸಿದರು. ಅವನನ್ನು ಯಾರೂ ಏನೂ ಕೇಳಲಿಲ್ಲ. ಬೆಳೆ ಕಳೆದುಕೊಂಡಿದ್ದ ನನ್ನಪ್ಪನೂ ಕೇಳಲಿಲ್ಲ. ಅಪ್ಪನ ಮೇಲೂ ನನಗೆ ಆ ಸಿಟ್ಟಿದೆ.

ಅಕ್ಕ ಮಗಳ ಮನೆ ಸೇರಿದಳು. ಆಮೇಲೆ ಹಳೆಯ ಯಂತ್ರ ದೊಡ್ಡಬಳ್ಳಾಪುರದ ಕಡೆ ಓಡುತ್ತಿರುವುದು ತಿಳಿದು, ಕೊಂಡವರ ಬಳಿಯೇ ಅದನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತಳು. ತನ್ನದೇ ಯಂತ್ರಕ್ಕೆ ತಾನೇ ಕೂಲಿಯಾಳು...

ಈ ವರ್ಷ ಅಕ್ಕ ಹೋಗಿಬಿಟ್ಟಳು. ಮಗಳ ಮನೆಯಲ್ಲಿ ತಿಥಿಯ ದಿನ ಮೈದುನ ಪಂಕ್ತಿಯಲ್ಲಿ ಕೂತು, ಮಷೀನಿನ ಕೆಲಸವನ್ನೆಲ್ಲ ಅತ್ತಿಗೆಗೆ ಕಲಿಸಿದವನು ತಾನೇ ಎನ್ನುತ್ತಿದ್ದ. ನಾನು ಎಲೆ ಬಿಟ್ಟು ಎದ್ದೆ.

"ನೀವು ಏನೂ ಕಲಿಸ್ಲಿಲ್ಲ. ಸತ್ತೋಳ ಮನೇಲಾದ್ರೂ ಬಾಯ್ಮುಚ್ಕೊಂಡಿರಿ."

ಸಾರು ಬಡಿಸುತ್ತಿದ್ದ ಅಕ್ಕನ ಮಗಳು ಸೌಟು ಕೆಳಗಿಟ್ಟು ನನ್ನ ಪಕ್ಕ ಬಂದು ನಿಂತಳು. ಅವನು ಕೈ ತೊಳೆದು ಹೊರಟ.

ಇದನ್ನೆಲ್ಲ ಹೋಗಿ ಹೇಳಿದ್ದರೆ ಹೊಟ್ಟೆ ತುಂಬ ನಗುತ್ತಿದ್ದವಳು ಅಕ್ಕ ಒಬ್ಬಳೇ. ಹೇಳೋಣವೆಂದರೆ ಅವಳಿಲ್ಲ.